ವಾರಾಂತ್ಯದ ಒಕ್ಕಲುತನ

ಪುಣೆಯಲ್ಲಿ ನಲವತ್ತು ದಾಟಿದ ಸಾಫ್ಟ್‌ವೇರ್ ಗಂಡಸಿಗೆ ಎರಡು ತಪ್ಪಿದ್ದಲ್ಲ. ಒಂದು ಸಕ್ಕರೆ ಕಾಯಿಲೆಯ ಭಯ, ಇನ್ನೊಂದು ಒಕ್ಕಲುತನದ ಹುಚ್ಚು. ಮೊದಲನೆಯದಕ್ಕೆ ಡಾಕ್ಟರು ಗುಳಿಗೆ ಬರೆದುಕೊಡುತ್ತಾರೆ. ಎರಡನೆಯದಕ್ಕೆ ಇರುವುದು ಯೂಟ್ಯೂಬ್ ಒಂದೇ. ಅದರಿಂದ ರೋಗ ಏರುತ್ತದೆಯೇ ಹೊರತು ಇಳಿದದ್ದು ನಾನು ಕಂಡಿಲ್ಲ.

ಹಿಂಜವಡಿ ಚೌಕದಲ್ಲಿ ಕಾರು ನಿಂತಲ್ಲೇ ಬೇರು ಬಿಟ್ಟಾಗ ಮೊದಲ ಲಕ್ಷಣ ಕಾಣಿಸಿಕೊಳ್ಳುತ್ತದೆ. ಬಿಲ್ಡರ್ ಕಣ್ಣಿಗೆ ಇನ್ನೂ ಬೀಳದ ಒಂದು ತುಂಡು ಹೊಲ ರಸ್ತೆ ಪಕ್ಕದಲ್ಲಿರುತ್ತದೆ. ಅದರಲ್ಲಿ ಒಬ್ಬಾಕೆ ಕುಕ್ಕರಗಾಲಲ್ಲಿ ಕೂತು ಮೆಂತ್ಯ ಕೀಳುತ್ತಿರುತ್ತಾಳೆ. ಎಸಿಯೊಳಗಿನ ನಮ್ಮ ಸಾಹೇಬರು ನಿಟ್ಟುಸಿರು ಬಿಡುತ್ತಾರೆ: "ಜೀವನ ಅಂದ್ರೆ ಇದು!" ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಕೂತವಳ ಅಭಿಪ್ರಾಯ ಯಾರೂ ಕೇಳಿಲ್ಲ. ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಾನೆ, ಕನಸು ಹತ್ತು ಅಡಿ ಮುಂದಕ್ಕೆ ಹೋಗಿ ಮತ್ತೆ ನಿಲ್ಲುತ್ತದೆ.

ನಾನಿರುವುದು ಪಿಂಪಳೆ ಸೌದಾಗರದಲ್ಲಿ. ಇಲ್ಲಿ ಜನರನ್ನು ಹೆಸರಿನಿಂದ ಕರೆಯುವ ರೂಢಿಯಿಲ್ಲ, ಮಹಡಿಯಿಂದ ಗುರುತಿಸುತ್ತೇವೆ. ನಮ್ಮ ಎಂಟನೇ ಮಹಡಿಗೆ ಹೋದ ವರ್ಷದಿಂದ ಈ ಹುಚ್ಚು. ಲಿಫ್ಟಿನಲ್ಲಿ ಸಿಕ್ಕರೆ ಹನಿ ನೀರಾವರಿ, ಪಾರ್ಕಿಂಗಿನಲ್ಲಿ ಸಿಕ್ಕರೆ ಎರೆಗೊಬ್ಬರ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಗಣೇಶನಗರಕ್ಕೆ ಹೋದರೂ ಬಿಡುಗಡೆಯಿಲ್ಲ, ಅಲ್ಲಿ ಊಟದ ಸಾಲಿನಲ್ಲಿ ಬದನೆಕಾಯಿ ಪಲ್ಯ ಬಡಿಸಿಕೊಳ್ಳುತ್ತ "ಇದು ಹೈಬ್ರಿಡ್ ಕಣ್ರೀ" ಎಂದು ತೀರ್ಪು ಕೊಡುತ್ತಾರೆ. ಎರಡು ತಟ್ಟೆ ಮುಗಿದ ಮೇಲೆ ಬಂದ ತೀರ್ಪು ಅದು.

ಪಿಂಪಳೆ ಸೌದಾಗರ ಅಂದರೆ ಈಗ ಮಾಲ್, ಜಿಮ್, ದೋಸೆಗೆ ಚೀಜ್ ತುರಿಯುವ ಅಂಗಡಿಗಳು. ಒಂದು ಕಾಲಕ್ಕೆ ಈ ಊರು ಅರ್ಥಶಾಸ್ತ್ರದ ಪುಸ್ತಕ ಸೇರಿತ್ತು ಎಂದರೆ ನಮ್ಮ ಸೊಸೈಟಿಯಲ್ಲಿ ಯಾರೂ ನಂಬುವುದಿಲ್ಲ. ಪುಣೆ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಇದೇ ಹಳ್ಳಿಯ ಹೊಲ ಹೊಲ ಅಳೆದು, ಮನೆ ಮನೆ ಲೆಕ್ಕ ಕೇಳಿ, 1917ರಲ್ಲಿ ದಖ್ಖನಿನ ಹಳ್ಳಿಯೊಂದರ ನೆಲ ಮತ್ತು ದುಡಿಮೆಯ ಬಗ್ಗೆ ಪುಸ್ತಕ ತಂದರು. ಅವರು ಕಂಡದ್ದು ಇಷ್ಟು: 1771ರಲ್ಲಿ ಇಲ್ಲಿ ಒಬ್ಬ ಹಿಡುವಳಿದಾರನಿಗೆ ಸರಾಸರಿ 40 ಎಕರೆ ಇತ್ತು, 1915ರ ಹೊತ್ತಿಗೆ ಅದು 7 ಎಕರೆಗೆ ಇಳಿದಿತ್ತು. ಆ ಏಳೆಕರೆಯೂ ಒಂದೇ ಕಡೆ ಇರಲಿಲ್ಲ, ಚೂರು ಚೂರಾಗಿ ಊರ ತುಂಬ ಹರಡಿತ್ತು. ಹೆಚ್ಚಿನವರ ಹೊಲ ಅವರ ಹೊಟ್ಟೆಗೇ ಸಾಲದು ಎಂದು ಮ್ಯಾನ್ ಸಾಹೇಬರು ಬರೆದಿಟ್ಟರು. ಮುಂದೆ 1947ರಲ್ಲಿ ಮುಂಬಯಿ ಸರ್ಕಾರ ಹೊಲ ಚೂರಾಗುವುದನ್ನು ತಡೆಯಲು ಕಾನೂನೇ ಮಾಡಿತು. ಅದನ್ನು ಇಲ್ಲಿಯವರು ತುಕಡೇಬಂದಿ ಅನ್ನುತ್ತಾರೆ. ಈಗ ಅದೇ ನೆಲದ ಮೇಲೆ ನಿಂತ ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ, ತಲೆಗೊಂದು ಬಾಲ್ಕನಿ ಹಿಡುವಳಿ ಇರುವ ನಾವೆಲ್ಲ ಕೂತು ಒಕ್ಕಲುತನದ ಮಾತಾಡುತ್ತೇವೆ. ಮ್ಯಾನ್ ಸಾಹೇಬರು ಇನ್ನೊಮ್ಮೆ ಅಳೆಯಲು ಬಂದರೆ ಸೆಕ್ಯುರಿಟಿಯವನು ಗೇಟಿನಲ್ಲೇ ಓಟಿಪಿ ಕೇಳುತ್ತಾನೆ.

ಹೊಲ ಕೊಳ್ಳುತ್ತೇನೆ ಎಂದು ಎಂಟನೇ ಮಹಡಿ ಎದ್ದು ನಿಂತಾಗ ಮೊದಲು ಎದುರಾದದ್ದು ಹುಳವೂ ಅಲ್ಲ, ಬರವೂ ಅಲ್ಲ, ಹೊಲದ ದಾಖಲೆ ಇಡುವ ತಲಾಠಿ. ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲು ನೀವು ಮೊದಲೇ ರೈತರಾಗಿರಬೇಕು. 1948ರ ಗೇಣಿ ಕಾನೂನಿನ 63ನೇ ಕಲಂ ಹಾಗೆ ಹೇಳುತ್ತದೆ. ಸಾತ್‌ಬಾರಾ ಉತಾರಾ ಎಂಬ ಇಲ್ಲಿಯ ಪಹಣಿಯಲ್ಲಿ ಹೆಸರಿಲ್ಲದವನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಹೊಲ ಕೊಳ್ಳುವಂತಿಲ್ಲ. ರೈತನಾಗಲು ಹೊಲ ಬೇಕು, ಹೊಲ ಕೊಳ್ಳಲು ರೈತನಾಗಿರಬೇಕು. ನಮ್ಮ ಕರ್ನಾಟಕದಲ್ಲಿ 2020ರಲ್ಲಿ ಅಲ್ಲಿಯ ಭೂ ಕಾನೂನಿನ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ ಈ ತಾಪತ್ರಯ ನೀಗಿಸಿದರು. ಅದು ರೈತರಿಗೆ ಒಳ್ಳೆಯದಾಯಿತೋ ಬಿಲ್ಡರಿಗೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಕೇಳಿದರೆ ಹೊಸಬನಿಗೆ ಮಹಾರಾಷ್ಟ್ರದ ಕಾನೂನು ದೊಡ್ಡ ಉಪಕಾರವನ್ನೇ ಮಾಡಿದೆ. ಬಾವಿ ಇರುವ ರೈತನ ಹೊಲದಲ್ಲಿ ಹತ್ತು ಗುಂಟೆ ಅವನ ಜೊತೆ ಸೇರಿ ಮಾಡಿದರೆ ಕಲಿಯುವುದಕ್ಕೆ ಧಾರಾಳ ಸಾಕು. ಹುಚ್ಚು ಬಿಟ್ಟರೆ ಹೊಲ ಅವನಿಗೇ ಬಿಟ್ಟು ಮನೆಗೆ ಬರಬಹುದು. ಕೊಂಡ ಹೊಲಕ್ಕೆ ಆ ಸೌಲಭ್ಯ ಇಲ್ಲ.

ಹತ್ತು ಗುಂಟೆ ಅಂದಾಗ ಎಂಟನೇ ಮಹಡಿಯ ಮುಖ ಸಣ್ಣದಾಯಿತು. "ಅಷ್ಟೇನಾ?" ಅಂದರು. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಅಂದರೆ ಅವರ ಎರಡು ಬೆಡ್‌ರೂಮಿನ ಫ್ಲ್ಯಾಟೇ ಹೆಚ್ಚು ಕಡಿಮೆ ಒಂದು ಗುಂಟೆ. ವ್ಯತ್ಯಾಸ ಇಷ್ಟೇ, ಗುಂಟೆಗೆ ಸೂಪರ್ ಬಿಲ್ಟಪ್ ಇಲ್ಲ. ಹೊಲದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ನೆಲ ಸಿಗುತ್ತದೆ, ಲಿಫ್ಟಿನ ಪಾಲು ಕಳೆಯುವುದಿಲ್ಲ. ಇಂಥ ಹತ್ತು ಫ್ಲ್ಯಾಟುಗಳ ಕಸ ಒಬ್ಬರೇ ಗುಡಿಸುವುದನ್ನು ಊಹಿಸಿಕೊಳ್ಳಿ ಅಂದೆ. ಹತ್ತು ಗುಂಟೆಯ ಕಳೆ ಅಂದರೆ ಏನೆಂದು ಅವರ ಮನೆಯವರಿಗೆ ತಕ್ಷಣ ತಿಳಿಯಿತು. ಅವರಿಗೆ ತಿಳಿಯಲಿಲ್ಲ.

ಯೂಟ್ಯೂಬಿನ ದೊಡ್ಡ ದೇವರು ಕೆನಡಾದ ಕ್ವಿಬೆಕ್‌ನಲ್ಲಿದ್ದಾನೆ. ಝಾನ್ ಮಾರ್ಟಿನ್ ಫೋರ್ಟಿಯೇ ಎಂದು ಹೆಸರು. ಒಂದೂವರೆ ಎಕರೆಯಲ್ಲಿ ಟ್ರ್ಯಾಕ್ಟರ್ ಇಲ್ಲದೆ ಕಾಯಿಪಲ್ಯೆ ಬೆಳೆದು ಸಂಸಾರ ನಡೆಸಿದ, ಪುಸ್ತಕ ಬರೆದ, ಜಗತ್ತಿನಾದ್ಯಂತ ಶಿಷ್ಯರನ್ನು ಮಾಡಿಕೊಂಡ. ನಮ್ಮವರು ಅವನ ಮೂವತ್ತಿಂಚಿನ ಮಡಿಯ ಅಳತೆ ಬಾಯಿಪಾಠ ಮಾಡಿದ್ದಾರೆ, ಅವನ ಗುದ್ದಲಿಯಂಥದೇ ಗುದ್ದಲಿ ತರಿಸಿದ್ದಾರೆ. ಅವನು ಬಿತ್ತುವ ಮೊದಲೇ ಊರಿನ ಕುಟುಂಬಗಳಿಂದ ಇಡೀ ಹಂಗಾಮಿನ ದುಡ್ಡು ಮುಂಗಡ ತೆಗೆದುಕೊಳ್ಳುತ್ತಿದ್ದ ಎಂಬ ಭಾಗ ಬಂದಾಗ ಮಾತ್ರ ವೀಡಿಯೋ ಮುಂದಕ್ಕೆ ಓಡಿಸಿದ್ದಾರೆ. ಇಡೀ ವೀಡಿಯೋದಲ್ಲಿ ಲಾಭದ ಭಾಗ ಅದೊಂದೇ.

ಕ್ವಿಬೆಕ್‌ನಲ್ಲಿ ಇರದ ಇನ್ನೆರಡು ಸಂಗತಿ ನಮ್ಮ ಜಿಲ್ಲೆಯಲ್ಲಿವೆ. ಒಂದು ಮುಂಗಾರು ಮಳೆ. ಪಶ್ಚಿಮಕ್ಕೆ ಮುಳಶಿ, ಮಾವಳದ ಕಡೆ ಹೊಲ ಹಿಡಿದರೆ ಆಷಾಢದಲ್ಲಿ ಕೊತ್ತಂಬರಿ ಕೊಳೆತು ಕಷಾಯವಾಗುತ್ತದೆ, ಅಲ್ಲಿಯ ರೈತ ಸುಮ್ಮನೆ ಇಂದ್ರಾಯಣಿ ಭತ್ತ ನಾಟಿ ಮಾಡುವುದಿಲ್ಲ. ಪೂರ್ವಕ್ಕೆ ಶಿರೂರು, ದೌಂಡ, ಇಂದಾಪುರದ ಕಡೆ ಹೋದರೆ ಕಾಲುವೆಗೆ ನೀರು ಬಂದ ವಾರವೇ ಹಬ್ಬ. ಇನ್ನೊಂದು ಜುನ್ನರದ ಚಿರತೆ. ಕಬ್ಬಿನ ಗದ್ದೆಯಲ್ಲೇ ಮರಿ ಹಾಕಿ ಬೆಳೆಸುವ ಚಿರತೆಗಳಿಗೆ ಮಾಣಿಕಡೋಹದಲ್ಲಿ ಸರ್ಕಾರಿ ಆಶ್ರಯ ಕೇಂದ್ರವೇ ಇದೆ. ಹೊಲದ ಪಂಪಿಗೆ ಕರೆಂಟು ಪಾಳಿಯ ಮೇಲೆ ಬರುತ್ತದೆ, ಕೆಲವು ದಿನ ರಾತ್ರಿ ಪಾಳಿ. ನಡುರಾತ್ರಿ ಟಾರ್ಚ್ ಹಿಡಿದು ಮೋಟಾರು ಹಾಕಲು ಹೋಗುವ ರೈತ ಹಗಲು ಕರೆಂಟು ಕೊಡಿ ಎಂದು ಮೋರ್ಚಾ ಮಾಡುವುದು ಸೋಮಾರಿತನಕ್ಕಲ್ಲ. ಅಮೆರಿಕದ ಕ್ಲೈಂಟಿಗಾಗಿ ನಡುರಾತ್ರಿ ಎದ್ದಿರುವ ನಮ್ಮವರಿಗೆ ರಾತ್ರಿ ಪಾಳಿ ಹೊಸದಲ್ಲ ನಿಜ. ಕ್ಲೈಂಟು ಕಚ್ಚುವುದಿಲ್ಲ, ಅಷ್ಟೇ.

ಶನಿವಾರ ಭಾನುವಾರ ಮಾತ್ರ ಹೊಲಕ್ಕೆ ಹೋಗುತ್ತೇನೆ ಅನ್ನುವವರಿಗೆ ಬೆಂಡೆಕಾಯಿಯ ಸ್ವಭಾವ ಹೇಳಬೇಕು. ಬಿತ್ತಿದ ಒಂದೂವರೆ ತಿಂಗಳಿಗೆ ಕಾಯಿ ಶುರು. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಸೋಮವಾರ ಬೆರಳುದ್ದ ಇದ್ದದ್ದು ಶನಿವಾರಕ್ಕೆ ಲಟ್ಟಣಿಗೆ. ಅದನ್ನು ಮುರಿದರೆ ಮುರಿಯದು, ಬೇಯಿಸಿದರೆ ಬೇಯದು, ದನಕ್ಕೆ ಹಾಕಿದರೆ ದನವೂ ನಿಮ್ಮನ್ನು ಅನುಮಾನದಿಂದ ನೋಡುತ್ತದೆ. ಬೇಸಿಗೆಯಲ್ಲಿ ಬಿಳಿನೊಣ ತರುವ ಹಳದಿ ನರ ರೋಗ ಬೇರೆ. ಅದು ಬಂದ ಗಿಡ ನೋಡಲು ಚೆಂದ, ಎಲೆಗೆಲ್ಲ ಚಿನ್ನದ ಜರಿ ಹಾಕಿದ ಹಾಗೆ ಇರುತ್ತದೆ. ನಮ್ಮವರು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ಪಕ್ಕದ ಹೊಲದ ಅಜ್ಜ ಬಂದು ಗಿಡ ಕಿತ್ತು ಸುಡುತ್ತಾನೆ.

ಈಗ ದುಡ್ಡಿನ ಮಾತಿಗೆ ಬರೋಣ, ಯಾಕೆಂದರೆ ಹುಚ್ಚಿನ ಮೂಲ ಅಲ್ಲಿದೆ. 2023ರ ಜುಲೈನಲ್ಲಿ ಜುನ್ನರ ತಾಲೂಕಿನ ರೈತರೊಬ್ಬರು ಒಂದೇ ತಿಂಗಳಲ್ಲಿ 13,000 ಕ್ರೇಟು ಟೊಮೆಟೊ ಮಾರಿ ಒಂದೂವರೆ ಕೋಟಿ ರೂಪಾಯಿ ದಾಟಿದರು. ದೇಶದ ಪತ್ರಿಕೆಗಳೆಲ್ಲ ಬರೆದವು, ನಮ್ಮ ಲಿಫ್ಟಿನಲ್ಲೂ ಒಂದು ತಿಂಗಳು ಅದೇ ಮಾತು. ನಾರಾಯಣಗಾಂವದ ಟೊಮೆಟೊ ಮಾರುಕಟ್ಟೆಯನ್ನು ಗೂಗಲ್ ಮ್ಯಾಪಿನಲ್ಲಿ ಹುಡುಕದ ಮಹಡಿ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಇದೇ ಟೊಮೆಟೊ ರಸ್ತೆಗೆ ಸುರಿದಿದ್ದರು, ಸೆಪ್ಟೆಂಬರ್‌ನಲ್ಲಿ ದರ ಮತ್ತೆ ಪಾತಾಳ ಸೇರಿತು. ಆ ಎರಡು ಸುದ್ದಿ ಲಿಫ್ಟ್ ಹತ್ತಲಿಲ್ಲ. ಮೇ ತಿಂಗಳ ನಷ್ಟ ನೋಡಿ ಮಿಕ್ಕವರು ಬಿಟ್ಟುಹೋದಾಗಲೂ ಟೊಮೆಟೊ ಹಚ್ಚಿದವರಿಗೆ ಜುಲೈನ ಕೋಟಿ ಬಂತು. ಜುಲೈನ ಕೋಟಿ ನೋಡಿ ಹಚ್ಚಿದವರಿಗೆ ಸೆಪ್ಟೆಂಬರ್ ಬಂತು.

ಅದೇ 2023ರ ಫೆಬ್ರವರಿಯಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಕಡೆಯ ರೈತರೊಬ್ಬರು 512 ಕಿಲೋ ಉಳ್ಳಾಗಡ್ಡಿ ಹೇರಿಕೊಂಡು ಸೊಲ್ಲಾಪುರ ಮಾರುಕಟ್ಟೆಗೆ ಹೋದರು. ಕಿಲೋಗೆ ಒಂದು ರೂಪಾಯಿ ದರ. ಸಾಗಣೆ, ಹಮಾಲಿ, ತೂಕ ಎಲ್ಲ ಕಳೆದು ಕೈಗೆ ಬಂದದ್ದು ಎರಡು ರೂಪಾಯಿಯ ಚೆಕ್, ಅದೂ ಮುಂದಿನ ತಾರೀಖಿನದು. ಎರಡು ರೂಪಾಯಿಗೂ ಕಾಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ಮಂಡಿಯ ಪಟ್ಟಿ ನೋಡಿರಲಿಲ್ಲ ಎಂದು ಕಾಣುತ್ತದೆ.

ದರ ಯಾರ ಕೈಯಲ್ಲೂ ಇಲ್ಲ ಎಂದು ಗೊತ್ತಾದ ಮೇಲೆ ಬುದ್ಧಿವಂತರು ಮಾಡುವ ಮುಂದಿನ ತಪ್ಪು, ಯಾರೂ ಬೆಳೆಯದ್ದನ್ನು ಬೆಳೆಯುವುದು. ಬ್ರೊಕೊಲಿ, ಝುಕಿನಿ, ಲೆಟ್ಯೂಸ್, ಕೆಂಪು ಕ್ಯಾಬೇಜು. ಕೋರೆಗಾಂವ ಪಾರ್ಕಿನ ಹೋಟೆಲಿನವರು ಕಿಲೋಗೆ ಕೊಡುವ ದರ ಕೇಳಿ ಬಾಯಲ್ಲಿ ನೀರು ಬರುತ್ತದೆ. 2020ರ ಮಾರ್ಚಿನಲ್ಲಿ ಹೋಟೆಲುಗಳೆಲ್ಲ ಬಾಗಿಲು ಹಾಕಿದಾಗ ಈ ಪರದೇಶಿ ಕಾಯಿಪಲ್ಯೆಯನ್ನು ನಿಂತ ಹೊಲದಲ್ಲೇ ಉತ್ತು ಹಾಕಿದರು. ಮೆಂತ್ಯ ಬೆಳೆದವನು ಸೈಕಲ್ಲಿನ ಮೇಲೆ ಹೇರಿಕೊಂಡು ಓಣಿ ಓಣಿ ತಿರುಗಿಯಾದರೂ ಮಾರಿದ. ಝುಕಿನಿ ಹೊತ್ತು ಓಣಿ ತಿರುಗಿದರೆ ಇದು ಸೌತೆಯೋ ಹೀರೆಯೋ ಎಂದು ತಿಳಿಸಿ ಹೇಳುವುದರಲ್ಲೇ ಬಾಡುತ್ತದೆ. ಪಾಲಿಹೌಸಿನ ಕತೆಯೂ ಅಷ್ಟೇ. ಸಬ್ಸಿಡಿ ಬರುತ್ತದೆ, ಬ್ಯಾಂಕ್ ಸಾಲ ಕೊಡುತ್ತದೆ, ಬಣ್ಣದ ದೊಣ್ಣೆಮೆಣಸಿನಕಾಯಿಯ ಚಿತ್ರ ಮನಸ್ಸು ಕದಿಯುತ್ತದೆ. ಅದೇ ವರ್ಷ ಜೂನ್ 3ರಂದು ಬಂದ ನಿಸರ್ಗ ಚಂಡಮಾರುತ ಮಾವಳದ ಕಡೆಯ ಪಾಲಿಹೌಸುಗಳ ಹಾಳೆ ಹರಿದು ಹಾರಿಸಿತು. ಕಂತು ಮಾತ್ರ ಹಾರಲಿಲ್ಲ.

ಹಾಗಾದರೆ ಲಾಭ ಯಾರಿಗೂ ಇಲ್ಲವೇ? ಇದೆ. ಪುಣೆಯ ಇತಿಹಾಸದಲ್ಲೇ ಇದೆ. ಶುಕ್ರವಾರ ಪೇಟೆಯ ಮಂಡಯಿಯ ಮೇಲೆ ಯಾರ ಹೆಸರಿದೆ ನೋಡಿ. 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ತೆರೆದ ಆ ಮಾರುಕಟ್ಟೆ ಈಗ ಮಹಾತ್ಮ ಫುಲೆ ಮಂಡಯಿ. ಅದಕ್ಕೆ ದುಡ್ಡು ಸುರಿಯುವ ಬದಲು ಬಡವರ ಶಿಕ್ಷಣಕ್ಕೆ ಹಾಕಿ ಎಂದು ಪುರಸಭೆಯಲ್ಲಿ ವಿರೋಧಿಸಿದವರೇ ಜೋತಿರಾವ್ ಫುಲೆ. ವಿರೋಧಿಸಿದವನ ಹೆಸರನ್ನೇ ಇಡುವುದರಲ್ಲಿ ಪುಣೆಯವರನ್ನು ಮೀರಿಸಲು ಸಾಧ್ಯವಿಲ್ಲ. ಹೂವಿನ ವ್ಯಾಪಾರದಿಂದ ಗೋರ್ಹೆ ಮನೆತನ ಫುಲೆ ಆಯಿತು. ಜೋತಿರಾವ್ ಊರಾಚೆ ಮಾಂಜರಿಯಲ್ಲಿ 60 ಎಕರೆ ಹೊಲ ಮಾಡಿದ್ದರು. 1882ರಲ್ಲಿ ಶಿಕ್ಷಣ ಆಯೋಗಕ್ಕೆ ಮನವಿ ಬರೆದಾಗ ಕೆಳಗೆ ತಮ್ಮನ್ನು ವ್ಯಾಪಾರಿ, ರೈತ ಎಂದು ಹೇಳಿಕೊಂಡರು. ಆ ಕ್ರಮ ಗಮನಿಸಿ: ವ್ಯಾಪಾರಿ ಮೊದಲು, ರೈತ ಆಮೇಲೆ. ಮುಂದಿನ ವರ್ಷವೇ ರೈತನನ್ನು ಸುಲಿಯುವವರ ಮೇಲೆ ಚಾಟಿ ಬೀಸಿ ಪುಸ್ತಕ ಬರೆದ ಮನುಷ್ಯನಿಗೆ ಮಾರಾಟ ಬೇರೆಯವರ ಕೈಗೆ ಹೋದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಮಾಂಜರಿಯ ಉಪಬಜಾರಿನಲ್ಲಿ ಇವತ್ತಿಗೂ ಸುತ್ತಲಿನ ರೈತರು ತಾವೇ ನಿಂತು ಚಿಲ್ಲರೆ ವ್ಯಾಪಾರಿಗಳಿಗೆ ನೇರ ಮಾರುತ್ತಾರೆ.

ಈ ಕಾಲದ ಉದಾಹರಣೆ ಬೇಕಿದ್ದರೆ ಹಿಂಜವಡಿ ಪಕ್ಕದ ಮಾಣ ಊರಿನ ಜ್ಞಾನೇಶ್ವರ ಬೋಡಕೆ ಇದ್ದಾರೆ. 2004ರಲ್ಲಿ ಅವರು ಕಟ್ಟಿದ ಅಭಿನವ ಫಾರ್ಮರ್ಸ್ ಕ್ಲಬ್ ಮೊದಲು ಹೂವು ಬೆಳೆಯಿತು, ಆಮೇಲೆ ಕಾಯಿಪಲ್ಯೆಗೆ ಹೊರಳಿ ಪುಣೆ, ಮುಂಬಯಿಯ ಮನೆಬಾಗಿಲಿಗೇ ಮುಟ್ಟಿಸಿತು. ನಮ್ಮವರು ಕಾರಿನಲ್ಲಿ ಕೂತು ಕೆನಡಾದ ವೀಡಿಯೋ ನೋಡುವ ಟ್ರಾಫಿಕ್ ಜಾಮಿನಿಂದ ಕೂಗಿದರೆ ಕೇಳಿಸುವಷ್ಟು ದೂರ. 2016ರ ಜುಲೈನಲ್ಲಿ ಸರ್ಕಾರ ಹಣ್ಣು ತರಕಾರಿಯನ್ನು ಮಾರುಕಟ್ಟೆ ಸಮಿತಿಯ ಹಿಡಿತದಿಂದ ಬಿಡಿಸಿದ ಮೇಲೆ ಊರೊಳಗೆ ರೈತರ ವಾರದ ಸಂತೆಗಳೂ ಹೆಚ್ಚಿವೆ. ಬೆಂಗಳೂರಿನ ನನ್ನ ನೆಂಟರು ಇದನ್ನು ಕೇಳಿದಾಗಲೆಲ್ಲ ನಮ್ಮ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್ 1959ರಿಂದಲೇ ಇದೆ ಎಂದು ಎದೆ ತಟ್ಟಿಕೊಳ್ಳುತ್ತಾರೆ. ತಟ್ಟಿಕೊಳ್ಳಲಿ, ಅವರು ಕೊಳ್ಳುವುದು ಮೊಬೈಲ್ ಆ್ಯಪಿನಲ್ಲಿ.

ನನ್ನ ವಾದ ಇಷ್ಟೇ. ಸಣ್ಣ ಹೊಲದ ಲಾಭ ಅಡುಗೆಮನೆಯಲ್ಲಿದೆ, ಮತ್ತು ಪಂಚಾಂಗದಲ್ಲಿದೆ. ನೆಲಕ್ಕೆ ಕೈ ಹಾಕುವ ಮುಂಚೆ ಇಪ್ಪತ್ತೈದು ಮನೆ ಹಿಡಿಯಿರಿ. ವಾರಕ್ಕೆ ಮನೆಗೆ 250 ರೂಪಾಯಿಯ ಕಾಯಿಪಲ್ಯೆ ಅಂದರೂ 6,250 ಆಯಿತು, ನಾಲ್ಕು ವಾರಕ್ಕೆ 25,000. ಅದರಲ್ಲಿ ಆಳು, ಬೀಜ, ಗೊಬ್ಬರ, ಪೆಟ್ರೋಲು ಕಳೆಯಿರಿ. ಉಳಿದದ್ದನ್ನು ನೋಡಿ ರಾಜೀನಾಮೆ ಬರೆಯುವ ಹುಮ್ಮಸ್ಸು ಬರುವುದಿಲ್ಲ, ಅದೇ ಅದರ ಗುಣ. ಆದರೆ ಮಾರ್ಕೆಟ್ ಯಾರ್ಡಿನಲ್ಲಿ ಈ ವಾರ ಕೊತ್ತಂಬರಿ ಜುಡಿ ಐದು ರೂಪಾಯಿಯೋ ಮೂವತ್ತೋ ಎಂದು ನೀವು ಉಗುರು ಕಚ್ಚಬೇಕಿಲ್ಲ. ಮೆಂತ್ಯ ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ಐದು ಮಡಿ ಮಾಡಿ ವಾರಕ್ಕೊಂದು ಮಡಿ ಬಿತ್ತಿದರೆ ಪ್ರತಿ ವಾರ ಒಂದು ಮಡಿ ಕೈಗೆ ಬರುತ್ತಲೇ ಇರುತ್ತದೆ. ಹೊಸಬರು ಮಾಡುವುದು ಇದಕ್ಕೆ ತಿರುಗಾಮುರುಗಾ. ಉತ್ಸಾಹದಲ್ಲಿ ಐದೂ ಮಡಿ ಒಂದೇ ಭಾನುವಾರ ಬಿತ್ತಿ, ಒಂದು ತಿಂಗಳ ಮೇಲೆ ಇಡೀ ಸೊಸೈಟಿಗೆ ಮೆಂತ್ಯ ದಾನ ಮಾಡುತ್ತಾರೆ. ಟೊಮೆಟೊ, ಬದನೆಯ ಸಸಿಯನ್ನು ನರ್ಸರಿಯಿಂದಲೇ ತನ್ನಿ, 98 ಗುಳಿಯ ಟ್ರೇಯಲ್ಲಿ ಮೊಳಕೆ ಬರಿಸುವ ಕಲೆ ಎರಡನೇ ವರ್ಷಕ್ಕಿರಲಿ. ಕೊತ್ತಂಬರಿ ಬೀಜವನ್ನು ಬಿತ್ತುವ ಮುಂಚೆ ಉಜ್ಜಿ ಎರಡು ಹೋಳು ಮಾಡಬೇಕೆಂಬುದು ಎಂಟನೇ ಮಹಡಿಗೂ ಗೊತ್ತು. ಗೊತ್ತಿರುವ ಒಂದೇ ವಿಷಯವಾದ್ದರಿಂದ ಎಲ್ಲರಿಗೂ ಹೇಳುತ್ತಾರೆ.

ಪಂಚಾಂಗದ ಮಾತು ತಮಾಷೆಯಲ್ಲ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮ ಧಾರವಾಡ, ವಿಜಯಪುರದ ಕಡೆಯಂತೆ ಪುಣೆಯಲ್ಲೂ ಅಂದು ಸಜ್ಜೆ ರೊಟ್ಟಿಯ ಜೊತೆ ಅವರೆ, ಗಜ್ಜರಿ, ಬದನೆ, ಬಟಾಣಿ, ಹಸಿ ಕಡಲೆ ಹಾಕಿದ ಎಳ್ಳಿನ ಪಲ್ಯ ಆಗಲೇಬೇಕು. ಎಷ್ಟೇ ಜಿಪುಣರ ಮನೆಯಾದರೂ ಅಂದು ದರ ಕೇಳುವ ಧೈರ್ಯ ಮಾಡುವುದಿಲ್ಲ. ಗಜ್ಜರಿಗೆ ಮೂರು ತಿಂಗಳು ಬೇಕು, ಅಂದರೆ ನವರಾತ್ರಿಯ ಸುಮಾರಿಗೆ ಬಿತ್ತಬೇಕು. ಪಿತೃಪಕ್ಷದಲ್ಲಿ ಚವಳಿಕಾಯಿ, ಬೆಂಡೆ, ಹಾಗಲ, ಕೆಸುವಿನ ಎಲೆಗೆ ಬೇಡಿಕೆ. ಬದುಕಿದ್ದಾಗ ಹಾಗಲಕಾಯಿ ಮುಟ್ಟದ ಹಿರಿಯರಿಗೂ ಆ ಹದಿನೈದು ದಿನ ಅದೇ ಊಟ. ಗಣೇಶ ಚೌತಿಯ ಮರುದಿನ ಋಷಿಪಂಚಮಿ. ಅಂದು ಎತ್ತು ದುಡಿದು ಬೆಳೆದದ್ದನ್ನು ಉಣ್ಣುವಂತಿಲ್ಲ, ಕೈಯಿಂದ ಬೆಳೆದ ಕೆಸು, ರಾಜಗಿರಿ, ಪುಂಡಿಪಲ್ಯೆಯೇ ಆಗಬೇಕು. ಎತ್ತೂ ಇಲ್ಲದ, ಟ್ರ್ಯಾಕ್ಟರೂ ಇಲ್ಲದ, ಹತ್ತು ಗುಂಟೆಯಲ್ಲಿ ಕೆನಡಾ ಗುದ್ದಲಿ ಹಿಡಿದು ನಿಂತ ನಮ್ಮ ಎಂಟನೇ ಮಹಡಿಯಷ್ಟು ಶಾಸ್ತ್ರಕ್ಕೆ ಸರಿಯಾಗಿ ಒದಗುವ ರೈತ ಪುಣೆಯಲ್ಲಿ ಇನ್ನೊಬ್ಬ ಸಿಗಲಾರ.

ಇಷ್ಟೆಲ್ಲ ಕೇಳಿಯೂ ಹೊಲ ಮಾಡುವ ಆಸೆ ಉಳಿದಿದ್ದರೆ, ಬೀಜದ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿ ಬನ್ನಿ. ಸೊಪ್ಪಿಗೆ ನೂರು ಜುಡಿಯ ಲೆಕ್ಕದಲ್ಲಿ, ಕಾಯಿಗೆ ಹತ್ತು ಕಿಲೋ ಲೆಕ್ಕದಲ್ಲಿ ಹೇಗೆ ಕೂಗುತ್ತಾರೆ, ಸಂಜೆ ಕಿತ್ತ ಮಾಲು ಬೆಳಗಾಗುವಷ್ಟರಲ್ಲಿ ಯಾರ ಕೈಗೆ ಎಷ್ಟಕ್ಕೆ ಹೋಗುತ್ತದೆ, ಅದೇ ಜುಡಿ ಎಂಟು ಗಂಟೆಗೆ ನಿಮ್ಮ ಗೇಟಿನಲ್ಲಿ ಎಷ್ಟಾಗುತ್ತದೆ, ಬರೆದುಕೊಂಡು ಬನ್ನಿ. ಪುಸ್ತಕದಲ್ಲಿ ಇಲ್ಲದ ಪಾಠ ಪುಕ್ಕಟೆ ಸಿಗುತ್ತದೆ. ಭಾನುವಾರ ಹೋದರೆ ಎಲ್ಲಕ್ಕಿಂತ ಹೆಚ್ಚು ಮಾಲು ನೋಡಬಹುದು. ಶನಿವಾರ ಮಾತ್ರ ಹೋಗಬೇಡಿ, ಅಂದು ಯಾರ್ಡಿಗೆ ರಜೆ.